ಹಳದಿ ದೀಪ ಹೊತ್ತಿದ ಗಾಡಿಗಳು

ಕುವೆಂಪುನಗರದಲ್ಲಿ ನಮ್ಮ ಮನೆಯ ಹತ್ತಿರದ ಪಾರ್ಕಿಗೆ ಬೆಳಿಗ್ಗೆ ನಡೆಯಲು ಹೋದರೆ ಈಗಲೂ ಯಾರಾದರೊಬ್ಬರು ಹಿಡಿದು ನಿಲ್ಲಿಸುತ್ತಾರೆ. "ಮಾದೇವಣ್ಣ, ಗಾಡೀಲಿ ಹಳದಿ ಲೈಟ್ ಬಂದ್ಬುಟ್ಟಿದೆ ಕಣ್ರೀ, ಓಡಿಸ್ಬೋದಾ?" ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಾಗಲೂ ಇದೇ ಪ್ರಶ್ನೆ. ಡಾಕ್ಟರಿಗೆ ನಾಲಿಗೆ ಚಾಚಿ ತೋರಿಸುವ ಹಾಗೆ ಮೊಬೈಲಿನಲ್ಲಿ ತೆಗೆದ ದೀಪದ ಫೋಟೊ ತೋರಿಸುತ್ತಾರೆ. ನಿವೃತ್ತನಾಗಿದ್ದೇನೆ ಅಂದರೂ ಬಿಡುವುದಿಲ್ಲ. ನನಗೂ ಒಳಗೊಳಗೆ ಖುಷಿಯೇ.

ಹೋದ ತಿಂಗಳು ನಾನು ಕೆಲಸ ಮಾಡಿದ್ದ ವರ್ಕ್‌ಶಾಪಿನವರು ಕರೆದು, ಹೊಸದಾಗಿ ಸೇರಿದವರ ಮುಂದೆ ನಾಲ್ಕು ಮಾತಾಡಿ ಅಂದರು. ಹುಡುಗರ ಜೊತೆ ಮೂವರು ಹುಡುಗಿಯರೂ ಸಮವಸ್ತ್ರ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಮೈಕು ಕೈಗೆ ಬಂದರೆ ನನಗೆ ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ. "ಶ್ರದ್ಧೆಯಿಂದ ಕೆಲಸ ಮಾಡಿ" ಎಂದಷ್ಟೇ ಹೇಳಿ ಕೂತುಬಿಟ್ಟೆ. ಮನೆಗೆ ಬಂದು ಕಾಫಿ ಕುಡಿಯುವಾಗ ಹೇಳಬೇಕಾಗಿದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಆ ಮಕ್ಕಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಎದೆಯ ಮೇಲಿನ ಬ್ಯಾಡ್ಜು ಬದಲಾಯಿತು ಎನ್ನುವುದರಿಂದ ಯಾರಿಗೂ ಏನೂ ಪ್ರಯೋಜನವಿಲ್ಲ. ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ನಾನು ನಂಜನಗೂಡಿನ ಕಡೆಯ ಬೇಸಾಯದ ಮನೆಯವನು. ಐಟಿಐನಲ್ಲಿ ಗಾಡಿಗಳ ವಯರಿಂಗ್ ಕೆಲಸ ಕಲಿತು ಹುಣಸೂರು ರಸ್ತೆಯ ಆ ವರ್ಕ್‌ಶಾಪಿಗೆ ಸೇರಿದಾಗ ಅಲ್ಲಿ ಖಾದರ್ ಸಾಹೇಬರು ಫೋರ್‌ಮನ್. ಎತ್ತರದ ಆಳು, ಬಿಳಿ ಗಡ್ಡ, ಯಾವಾಗಲೂ ಕೈಯಲ್ಲೊಂದು ಉದ್ದನೆಯ ಸ್ಕ್ರೂಡ್ರೈವರು. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಆಗ ಇಡೀ ಶೆಡ್ಡಿನಲ್ಲಿ ಯಾರೂ ಸುತ್ತಿಗೆ ಎತ್ತುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು, "ವಾಲ್ವ್ ಸಡ್ಲ ಐತೆ, ಬಿಚ್ಚು" ಅನ್ನುತ್ತಿದ್ದರು. ಹೊಗೆಯ ಬಣ್ಣ ನೋಡಿ, ಪ್ಲಗ್ಗಿನ ಮಸಿ ಮೂಸಿ, ಕಾರ್ಬ್ಯುರೇಟರಿನ ತಿರುಪನ್ನು ಅಕ್ಕಸಾಲಿಗನ ಹಾಗೆ ಕೂದಲೆಳೆಯಷ್ಟೇ ತಿರುಗಿಸಿ ಗಾಡಿಯನ್ನು ಸರಿಮಾಡುತ್ತಿದ್ದ ಕಾಲ ಅದು. ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಸೋಪಿನ ಪುಡಿ ಹಚ್ಚಿ ತಿಕ್ಕಿದರೂ ಊಟದ ಅನ್ನಕ್ಕೆ ಪೆಟ್ರೋಲಿನ ವಾಸನೆ ಬರುತ್ತಿತ್ತು. ಅದೇ ವಾಸನೆ ಈಗ ಎಲ್ಲಾದರೂ ಮೂಗಿಗೆ ಬಡಿದರೆ ಎರಡು ಗಳಿಗೆ ನಿಂತು ಹೋಗುತ್ತೇನೆ.

ಆಮೇಲೆ ಕಾರ್ಬ್ಯುರೇಟರ್ ಇಲ್ಲದ ಗಾಡಿಗಳು ಬಂದವು. ಎಷ್ಟು ಪೆಟ್ರೋಲು ಚಿಮ್ಮಿಸಬೇಕು, ಯಾವಾಗ ಕಿಡಿ ಕೊಡಬೇಕು ಎಂಬುದನ್ನೆಲ್ಲ ಒಂದು ಪುಟ್ಟ ಕಂಪ್ಯೂಟರು ನಿರ್ಧರಿಸುತ್ತಿತ್ತು. ಏನಾದರೂ ಕೆಟ್ಟರೆ ಸ್ಟಿಯರಿಂಗಿನ ಹಿಂದೆ ಎಂಜಿನ್ ಆಕಾರದ ಹಳದಿ ದೀಪ. ನಮ್ಮ ಶೆಡ್ಡಿನಲ್ಲಿ ಆ ದೀಪ ಕಂಡರೆ ದೆವ್ವ ಕಂಡ ಹಾಗೆ ಆಗುತ್ತಿತ್ತು. ಹೇಳಿಕೊಡಲು ಕಂಪನಿಯಿಂದ ಒಬ್ಬರು ಬಂದರು. ಬಾನೆಟ್ಟಿನ ಕೆಳಗೆ ಒಂದು ಚಿಕ್ಕ ಪ್ಲಗ್ ಇದೆ, ಅದರ ಎರಡು ತೂತುಗಳನ್ನು ಒಂದು ತಂತಿಯಿಂದ ಜೋಡಿಸಿ ಕೀ ತಿರುಗಿಸಿದರೆ ದೀಪ ಮಿನುಗುತ್ತದೆ, ಮಿನುಗುವುದನ್ನು ಎಣಿಸಿದರೆ ದೋಷದ ಸಂಖ್ಯೆ ಸಿಗುತ್ತದೆ ಎಂದು ಹೇಳಿಹೋದರು. ಅವರು ಹೋದ ಮೇಲೆ ಆ ಅಳತೆಯ ತಂತಿ ಹುಡುಕಿ ಹುಡುಕಿ ಸಾಕಾಯಿತು. ನನಗೆ ಆಗಷ್ಟೇ ಮದುವೆಯಾಗಿತ್ತು. ಮಾರನೆಯ ದಿನ ಹೆಂಡತಿಯ ಹೇರ್‌ಪಿನ್ನೊಂದನ್ನು ಜೇಬಿಗೆ ಹಾಕಿಕೊಂಡು ಹೋದೆ. ಅದು ಹೇಳಿ ಮಾಡಿಸಿದ ಹಾಗೆ ಕೂತಿತು.

ಆವತ್ತು ಬಂದಿದ್ದ ಗಾಡಿ ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗಲು ಒದ್ದಾಡುತ್ತಿತ್ತು, ಸ್ಟಾರ್ಟ್ ಆದರೆ ಕಪ್ಪು ಹೊಗೆ. ಪಿನ್ನು ಚುಚ್ಚಿ ಕೀ ತಿರುಗಿಸಿದೆ. ಖಾದರ್ ಸಾಹೇಬರು ಕಿಟಕಿಯಿಂದ ತಲೆ ಒಳಗೆ ಹಾಕಿದರು.

"ಏನಪ್ಪಾ ಮಾದೇವು, ಲೈಟು ಕಣ್ಣು ಹೊಡೀತಾ ಐತೆ?"

"ಎಣಿಸ್ಬೇಕು ಸಾಹೇಬ್ರೇ. ಮೊದಲು ಹತ್ತರ ಸ್ಥಾನ, ಆಮೇಲೆ ಬಿಡಿ ಸ್ಥಾನ."

"ಎಣ್ಸು ಮತ್ತೆ. ಇಸ್ಕೂಲಿಗೆ ಹೋದೋನು ನೀನು."

ದೀಪ ಒಂದು ಸಲ ಮಿನುಗಿ ನಿಂತಿತು. ಆಮೇಲೆ ಬೇಗಬೇಗನೆ ನಾಲ್ಕು ಸಲ. ಹದಿನಾಲ್ಕು. ಕೊಟ್ಟಿದ್ದ ಪುಸ್ತಕದಲ್ಲಿ ನೋಡಿದರೆ ಎಂಜಿನ್ನಿನ ನೀರು ಎಷ್ಟು ಬಿಸಿಯಿದೆ ಎಂದು ಅಳೆಯುವ ಸೆನ್ಸರು. ಅದು ಕೆಟ್ಟದ್ದರಿಂದ ಕಂಪ್ಯೂಟರು ಗಾಡಿ ಹಿಮಾಲಯದಲ್ಲಿದೆ ಎಂದು ತಿಳಿದು ಬೇಡದಷ್ಟು ಪೆಟ್ರೋಲು ಸುರಿಯುತ್ತಿತ್ತು. ಸಾಹೇಬರು ಸೈಲೆನ್ಸರಿನ ಹತ್ತಿರ ಹೋಗಿ ಒಂದು ಸಲ ಮೂಸಿ ಆಗಲೇ "ಪೆಟ್ರೋಲ್ ಜಾಸ್ತಿ" ಅಂದಿದ್ದರು. ಈಗ ಗಡ್ಡ ಸವರಿಕೊಂಡು ನಕ್ಕರು. "ನಾನು ಮೂಗಲ್ಲಿ ಏಳಿದ್ದನ್ನ ಅದು ಕಣ್ಣಲ್ಲಿ ಏಳ್ತು, ಅಷ್ಟೇ ತಾನೇ?" ಅಂದರು.

ಆಮೇಲೆ ಅವರೂ ಎಣಿಸಲು ಕಲಿತರು. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಾ, ಜಪ ಮಾಡುವವರ ಹಾಗೆ ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದರು. ಹಿರಿಯರು ಹೊಸದನ್ನು ದ್ವೇಷಿಸುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ಆ ಬೆರಳುಗಳು ನೆನಪಾಗುತ್ತವೆ. ಹೇರ್‌ಪಿನ್ನು ಮಾತ್ರ ಮನೆಯಲ್ಲಿ ಜಗಳಕ್ಕೆ ಕಾರಣವಾಯಿತು. ಒಂದೊಂದಾಗಿ ಎಲ್ಲ ಪಿನ್ನುಗಳೂ ವರ್ಕ್‌ಶಾಪು ಸೇರಿದ ಮೇಲೆ, "ಅಲ್ಲಿ ಯಾವ ಗಾಡಿಗೆ ಜಡೆ ಹಾಕ್ತಿದೀರಿ?" ಎಂದು ನನ್ನ ಹೆಂಡತಿ ಕೇಳಿದಳು.

ಕೆಲವು ವರ್ಷಗಳ ನಂತರ ಸ್ಕ್ಯಾನರು ಬಂತು. ನೀಲಿ ಸೂಟ್‌ಕೇಸಿನೊಳಗೆ ಸ್ಪಂಜಿನ ಹಾಸಿಗೆಯ ಮೇಲೆ ಮಲಗಿಕೊಂಡು ಬಂತು. ಇನ್ನು ಎಣಿಸುವ ಕೆಲಸವಿಲ್ಲ. ಸ್ಟಿಯರಿಂಗಿನ ಕೆಳಗಿನ ಪ್ಲಗ್ಗಿಗೆ ಸಿಕ್ಕಿಸಿದರೆ ಪರದೆಯ ಮೇಲೆ ದೋಷದ ಕೋಡು ಅಕ್ಷರದಲ್ಲೇ ಕಾಣಿಸುತ್ತದೆ. ಆಗ ನಮಗೆ ವರ್ಕ್ಸ್ ಮ್ಯಾನೇಜರ್ ಆಗಿದ್ದವರು ಶ್ರೀಕಂಠಯ್ಯನವರು. ಒಳ್ಳೆಯ ಮನುಷ್ಯ, ಆದರೆ ಸ್ಕ್ಯಾನರಿನ ವಿಷಯದಲ್ಲಿ ಮಡಿವಂತರು. ಅದನ್ನು ತಮ್ಮ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೇಕೆಂದರೆ ಕೈ ತೊಳೆದು, ಒರೆಸಿ, ಅವರಿಗೆ ತೋರಿಸಿ ತೆಗೆದುಕೊಂಡು ಹೋಗಬೇಕು.

ಆ ವರ್ಷದ ಆಯುಧಪೂಜೆಗೆ ಸ್ಪ್ಯಾನರು, ಜಾಕಿ, ಕಂಪ್ರೆಸರುಗಳ ನಡುವೆ ಸ್ಕ್ಯಾನರಿಗೂ ಸ್ಥಾನ ಸಿಕ್ಕಿತು. ಅದೂ ಮಣೆಯ ಮೇಲೆ, ಸೇವಂತಿಗೆ ಹಾರದ ಜೊತೆ. ಬೇರೆ ಸಾಮಾನುಗಳಿಗೆ ನಾವು ಅರಿಸಿನ ಕುಂಕುಮ ಹಚ್ಚಿದರೆ ಅದಕ್ಕೆ ಶ್ರೀಕಂಠಯ್ಯನವರೇ ಖುದ್ದಾಗಿ ಹಚ್ಚಿದರು. ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿ, ಬೀಗ ಹಾಕಿ, ಮಾರನೆಯ ದಿನ ಎಲ್ಲರೂ ದಸರಾ ಮೆರವಣಿಗೆ ನೋಡಲು ಹೋದೆವು.

ರಜೆ ಮುಗಿದು ಬಂದು ಮೊದಲ ಗಾಡಿಗೆ ಸಿಕ್ಕಿಸಿದರೆ ಸ್ಕ್ಯಾನರು "ಸಂಪರ್ಕ ಇಲ್ಲ" ಎನ್ನುವ ಸಾಲು ತೋರಿಸಿತು. ಶ್ರೀಕಂಠಯ್ಯನವರು ಗಂಭೀರವಾಗಿ ನೋಡಿ, "ಈ ಗಾಡಿ ಕಂಪ್ಯೂಟರ್ ಹೋಗಿದೆ" ಅಂದರು. ಎರಡನೆಯ ಗಾಡಿಗೂ ಅದೇ. ಮೂರನೆಯದಕ್ಕೂ ಅದೇ. "ಹಬ್ಬದಲ್ಲಿ ಎಲ್ರೂ ನೀರು ಹಾಕಿ ಗಾಡಿ ತೊಳ್ದಿದಾರೆ, ಕಂಪ್ಯೂಟರಿಗೆಲ್ಲ ನೀರು ಹೋಗಿದೆ" ಎಂದು ತೀರ್ಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ ಮೈಸೂರಿನಲ್ಲಿ ಒಂದೇ ಒಂದು ಗಾಡಿಯ ಕಂಪ್ಯೂಟರೂ ಬದುಕಿಲ್ಲ ಎನ್ನುವಂತಾಯಿತು. ಹೊಸದಕ್ಕೆ ಆರ್ಡರು ಹಾಕಲು ಅವರು ಫೋನ್ ಎತ್ತಿದಾಗ ನಾನು ಸ್ಕ್ಯಾನರಿನ ಪ್ಲಗ್ಗನ್ನು ಬೆಳಕಿಗೆ ಹಿಡಿದೆ. ಒಳಗಿನ ಪಿನ್ನುಗಳೆಲ್ಲ ಅರಿಸಿನದಲ್ಲಿ ಮಿಂದಿದ್ದವು. ನೀರಿನಲ್ಲಿ ಕಲಸಿ ಹಚ್ಚಿದ್ದು ಗಾರೆಯ ಹಾಗೆ ಗಟ್ಟಿಯಾಗಿತ್ತು.

ಅದನ್ನು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು, ಫೋನು ಕೆಳಗಿಟ್ಟರು. "ಭಕ್ತಿ ಸ್ವಲ್ಪ ಜಾಸ್ತಿ ಆಯ್ತು ಕಣಯ್ಯ" ಅಂದರು. ಹಲ್ಲುಜ್ಜುವ ಬ್ರಷ್ಷು ತರಿಸಿ ಇಬ್ಬರೂ ಕೂತು ತಿಕ್ಕಿದೆವು. ಗಾಡಿಗಳೆಲ್ಲ ಪುನರ್ಜನ್ಮ ಪಡೆದವು. ಮರುವರ್ಷದಿಂದ ಕುಂಕುಮ ಸೂಟ್‌ಕೇಸಿಗೆ ಮಾತ್ರ. ಬೀರುವಿನ ಬೀಗದ ಕೈಯನ್ನೂ ಅವರು ಮೊಳೆಗೆ ನೇತುಹಾಕಿಬಿಟ್ಟರು, ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು. ಮನುಷ್ಯ ತನ್ನ ಮೇಲೆ ತಾನು ನಗುವುದನ್ನು ಕಲಿತರೆ ಅವನ ಕೈಕೆಳಗೆ ಕೆಲಸ ಮಾಡುವುದು ಹಗುರ.

ಸ್ಕ್ಯಾನರು ಬಂದ ಮೇಲೆ ನಮಗೆಲ್ಲ ಒಂದು ಚಟ ಹತ್ತಿತು. ಪರದೆಯ ಮೇಲೆ ಯಾವ ಭಾಗದ ಹೆಸರು ಬಂತೋ ಆ ಭಾಗವನ್ನು ಕಿತ್ತು ಹೊಸದು ಹಾಕುವುದು. ಈ ಚಟ ಬಿಡಿಸಿದವರು ನಳಿನಿ ಮೇಡಂ. ಶ್ರೀಕಂಠಯ್ಯನವರ ನಂತರ ಮ್ಯಾನೇಜರಾಗಿ ಬಂದರು. ಎಂಜಿನಿಯರಿಂಗ್ ಓದಿದವರು, ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರು. ಹೆಂಗಸು ಬಂದು ನಮಗೆ ಗಾಡಿ ಹೇಳಿಕೊಡುತ್ತಾಳಾ ಎಂದು ಶೆಡ್ಡಿನಲ್ಲಿ ಗುಸುಗುಸು ಇತ್ತು. ಬಂದ ವಾರವೇ ಅವರು ಸೀರೆ ಬಿಟ್ಟು ನಮ್ಮದೇ ಸಮವಸ್ತ್ರ ಹಾಕಿಕೊಂಡು ಗಾಡಿಯ ಕೆಳಗೆ ಮಲಗಿದರು. ಗುಸುಗುಸು ಅಲ್ಲಿಗೆ ನಿಂತಿತು.

ಜಯಲಕ್ಷ್ಮಿಪುರಂನ ಒಬ್ಬ ನಿವೃತ್ತ ಪ್ರೊಫೆಸರ ಗಾಡಿ ಆಗ ನಮ್ಮಲ್ಲಿಗೆ ಪದೇಪದೇ ಬರುತ್ತಿತ್ತು. ಹಳದಿ ದೀಪ, ಮತ್ತು ಎಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎನ್ನುವ ಕೋಡು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಸೆನ್ಸರನ್ನು ಬದಲಾಯಿಸಿ ಕಳಿಸಿದೆವು. ವಾಪಸ್ ಬಂತು. ಇನ್ನೊಂದು ಹೊಸ ಸೆನ್ಸರು ಹಾಕಿದೆವು. ಮತ್ತೆ ಬಂತು. ಪ್ರೊಫೆಸರು ಸಮಾಧಾನದ ಮನುಷ್ಯ. "ನಿಮ್ಮ ಕಂಪ್ಯೂಟರಿಗೆ ನನ್ನ ಗಾಡಿ ಮೇಲೆ ಏನೋ ಹಳೇ ದ್ವೇಷ ಇದ್ದಂಗಿದೆ" ಅಂದರು. ನಾನು ಮೂರನೆಯ ಸೆನ್ಸರು ತರಲು ಸ್ಟೋರಿಗೆ ಹೊರಟಾಗ ಮೇಡಂ ತಡೆದರು.

"ಮಾದೇವಣ್ಣ, ರಾತ್ರಿ ನಾಯಿ ಬೊಗಳಿದ್ರೆ ನಾಯೀನ ಬದಲಾಯಿಸ್ತೀರಾ?"

"ಇಲ್ಲ ಮೇಡಂ."

"ಯಾರು ಬಂದಿದಾರೆ ಅಂತ ಎದ್ದು ನೋಡ್ತೀರಿ ಅಲ್ವಾ? ಸೆನ್ಸರ್ ಬೊಗಳ್ತಾ ಇದೆ. ಹೋಗಿ ನೋಡ್ಕೊಂಡು ಬನ್ನಿ."

ಪ್ರೊಫೆಸರನ್ನೇ ಸ್ಟಿಯರಿಂಗಿನ ಮುಂದೆ ಕೂರಿಸಿ, ನಾನು ಪಕ್ಕದಲ್ಲಿ ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಚಾಮುಂಡಿ ಬೆಟ್ಟ ಹತ್ತಿದೆವು. ತಪ್ಪಲಿನಲ್ಲಿ ಅಂಕಿಗಳೆಲ್ಲ ಸರಿಯಾಗಿದ್ದವು. ಏರು ಬಂದು ಎಂಜಿನ್ನು ಎಳೆಯತೊಡಗಿದಾಗ ಮಾತ್ರ ಕಂಪ್ಯೂಟರು ಪೆಟ್ರೋಲು ಸಾಲದೆಂದು ಹೆಚ್ಚಿಸುತ್ತಾ ಹೋಯಿತು. ತಿರುವುಗಳಲ್ಲಿ ಇನ್ನೂ ಹೆಚ್ಚು. ಮೇಲೆ ಬಸವನ ಹತ್ತಿರ ನಿಲ್ಲಿಸಿ ಬಾನೆಟ್ ತೆಗೆದೆ. ಎಂಜಿನ್ನಿಗೆ ಗಾಳಿ ಹೋಗುವ ರಬ್ಬರ್ ಕೊಳವೆಯನ್ನು ಕೈಯಿಂದ ಬಗ್ಗಿಸಿದಾಗ ಅದರ ಕೆಳಹೊಟ್ಟೆಯಲ್ಲಿ ಒಂದು ಬಿರುಕು ಬಾಯಿ ತೆರೆಯಿತು. ಗಾಡಿ ನಿಂತಿದ್ದಾಗ ಮುಚ್ಚಿಕೊಂಡಿರುತ್ತಿತ್ತು. ಎಂಜಿನ್ನು ಏರಿನಲ್ಲಿ ಓಲಾಡಿದಾಗ ತೆರೆದುಕೊಂಡು ಕಳ್ಳಗಾಳಿ ಎಳೆಯುತ್ತಿತ್ತು. ಇಷ್ಟು ದಿನ ನಾವು ಸತ್ಯ ಹೇಳುತ್ತಿದ್ದ ಸೆನ್ಸರನ್ನೇ ಕಿತ್ತು ಎಸೆದಿದ್ದೆವು. ಪ್ರೊಫೆಸರು ಬೆಟ್ಟದ ಮೇಲೆ ಇಬ್ಬರಿಗೂ ಎಳನೀರು ಕೊಡಿಸಿದರು. ಕೆಳಗೆ ಊರು, ಅರಮನೆ, ದೂರದಲ್ಲಿ ನಮ್ಮ ಶೆಡ್ಡಿನ ತಗಡು ಇರಬೇಕಾದ ದಿಕ್ಕು. ಕೆಲಸದ ಹೊತ್ತಿನಲ್ಲಿ ಅಷ್ಟು ಚೆಂದದ ಬೆಳಿಗ್ಗೆ ನನಗೆ ಮತ್ತೆ ಸಿಗಲಿಲ್ಲ.

ಇನ್ನು ಹೇಳುವುದು ನನ್ನನ್ನು ನಿಜವಾಗಿ ಕಂಗೆಡಿಸಿದ ಪ್ರಸಂಗ.

ವಿಜಯನಗರದಲ್ಲಿ ಶಿವಲಿಂಗಪ್ಪ ಎಂಬುವರು ಟ್ರಾವೆಲ್ಸ್ ನಡೆಸುತ್ತಿದ್ದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಮಠಕ್ಕೆ ನಡೆದುಕೊಳ್ಳುವ ಮನೆತನ, ಮಾತು ಒರಟು. ಅವರ ಗಾಡಿಗಳೆಲ್ಲ ನಮ್ಮಲ್ಲೇ ಸರ್ವಿಸಿಗೆ ಬರುತ್ತಿದ್ದವು. ಒಂದು ದಿನ ಅವರದೊಂದು ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ತಂದರು. ಊಟಿಯ ಘಟ್ಟ ಹತ್ತುವಾಗ ಎಂಜಿನ್ನು ಕಾದು, ನೀರು ಕುದಿದು, ಒಳಗಿನ ಗ್ಯಾಸ್ಕೆಟ್ಟು ಸುಟ್ಟುಹೋಗಿತ್ತು. ಲಾರಿಯ ಹಿಂದೆಯೇ ಶಿವಲಿಂಗಪ್ಪನವರೂ ಬಂದರು. ಅವರ ಹಿಂದೆ ನಾಗರಾಜು. ಅದೇ ಗಾಡಿಯ ಡ್ರೈವರು, ಅವರಲ್ಲಿ ಬಹಳ ವರ್ಷದಿಂದ ಇದ್ದವನು.

"ಹೀಟಿಂದು ಕೆಂಪು ಲೈಟ್ ಬಂದ್ರೂ ನಿಲ್ಲಿಸ್ದೆ ಎಳ್ಕೊಂಡು ಹೋಗಿದಾನೆ ಕಣ್ರೀ ಈ ಬೇಜವಾಬ್ದಾರಿ ನನ್ಮಗ" ಅಂದರು ಶಿವಲಿಂಗಪ್ಪ. "ಗಾಡಿ ಬಿಚ್ಚಿ ನೋಡಿ. ಇವನ್ನ ಇವತ್ತೇ ಕಳಿಸ್ತಾ ಇದೀನಿ. ಇವನು ಹಿಂಗೆ ಮಾಡ್ದ ಅಂತ ಸ್ಟ್ಯಾಂಡಿನಲ್ಲೂ ಹೇಳ್ತೀನಿ. ಯಾರು ಕೆಲಸ ಕೊಡ್ತಾರೋ ನೋಡಣ."

ನಾಗರಾಜು ಎರಡೂ ಕೈ ಕಟ್ಟಿಕೊಂಡು ನಿಂತಿದ್ದ. "ಯಜಮಾನ್ರೇ, ಕೆಂಪು ಲೈಟ್ ಬಂದ ಗಳಿಗೇನೇ ಓರೆಗೆ ಹಾಕ್ಬುಟ್ಟೆ. ಮುಂಚೆ ಹಳದಿ ಲೈಟ್ ಬಂದಿತ್ತಲ್ಲ, ಆವತ್ತೇ ನಿಮಗೆ ಹೇಳಿದ್ನಲ್ಲ. ಮಾರನೇ ಬೆಳಿಗ್ಗೆ ಆರ್ಹೋಗಿತ್ತು. ರಿಪೇರಿ ಮಾಡ್ಸಿದೀರಿ ಅಂದ್ಕೊಂಡು ಟ್ರಿಪ್ಪಿಗೆ ಹೊರಟೆ."

"ಬಾಯಿ ಮುಚ್ಚು" ಅಂದರು ಶಿವಲಿಂಗಪ್ಪ.

ಸ್ಕ್ಯಾನರು ಸಿಕ್ಕಿಸಿದೆ. ಪಿ-0480. ರೇಡಿಯೇಟರನ್ನು ತಣ್ಣಗಿಡುವ ಫ್ಯಾನಿನ ವಿದ್ಯುತ್ ದಾರಿಯಲ್ಲಿ ದೋಷ. ಫ್ಯಾನು ತಿರುಗಿಲ್ಲ, ಘಟ್ಟದಲ್ಲಿ ಎಂಜಿನ್ನು ಕಾದಿದೆ. ಇದು ಸುಲಭ. ಆದರೆ ಕಂಪ್ಯೂಟರು ಇನ್ನೊಂದು ವಿಷಯವನ್ನೂ ನೆನಪಿಡುತ್ತದೆ: ಕೋಡುಗಳನ್ನು ಕೊನೆಯ ಸಲ ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎನ್ನುವುದು. ನೋಡಿದರೆ ಅದು ಮೈಸೂರಿನಿಂದ ಆ ಘಟ್ಟದವರೆಗಿನ ದೂರಕ್ಕಿಂತ ಹೆಚ್ಚಿರಲಿಲ್ಲ. ಅಂದರೆ ಗಾಡಿ ಊರು ಬಿಡುವ ಮೊದಲು ಯಾರೋ ಕೋಡು ಅಳಿಸಿ ದೀಪ ಆರಿಸಿದ್ದರು. ಫ್ಯಾನನ್ನು ಮುಟ್ಟಿರಲಿಲ್ಲ. ಆ ಗಾಡಿಯಲ್ಲಿ ಇಂಥ ದೋಷ ಮೊದಲ ಸಲ ಕಂಡಾಗ ಕಂಪ್ಯೂಟರು ಗುರುತು ಹಾಕಿಕೊಂಡು ಸುಮ್ಮನಿರುತ್ತದೆ, ಮತ್ತೊಂದು ಪ್ರಯಾಣದಲ್ಲೂ ಕಂಡರೆ ಮಾತ್ರ ಹಳದಿ ದೀಪ ಹೊತ್ತಿಸುತ್ತದೆ. ಹಾಗಾಗಿ ಘಟ್ಟದಲ್ಲಿ ಕೆಂಪು ದೀಪ ಬರುವವರೆಗೆ ನಾಗರಾಜುವಿಗೆ ಯಾವ ಎಚ್ಚರಿಕೆಯೂ ಸಿಕ್ಕಿರಲಿಲ್ಲ. ಎಂಜಿನ್ ಬಿಚ್ಚಿದಾಗ ಪಿಸ್ಟನ್ನುಗಳು ನುಣ್ಣಗೆ, ಗೀರಿಲ್ಲದೆ ಇದ್ದವು. ಕೆಂಪು ದೀಪ ಬಂದ ಮೇಲೂ ಎಳೆದಿದ್ದರೆ ಅವು ಕಚ್ಚಿಕೊಂಡುಬಿಡುತ್ತಿದ್ದವು. ಆತ ನಿಲ್ಲಿಸಿದ್ದು ನಿಜ.

ಈಗ ಏನು ಮಾಡುವುದು? ಹೇಳಿದರೆ ಶಿವಲಿಂಗಪ್ಪನವರಿಗೆ ಅವಮಾನ. ಅವರು ಸಿಟ್ಟಿನಿಂದ ಎಲ್ಲ ಗಾಡಿಗಳನ್ನೂ ಬೇರೆ ಕಡೆಗೆ ತಿರುಗಿಸಿದರೆ ವರ್ಕ್‌ಶಾಪಿಗೆ ಪೆಟ್ಟು. ಹೇಳದಿದ್ದರೆ ಗೇಟಿನ ಹತ್ತಿರ ನಿಂತಿರುವ ಆ ಮನುಷ್ಯನ ಕೆಲಸ ಹೋಗುತ್ತದೆ. ಕೆಲಸಕ್ಕಿಂತ ಹೆಚ್ಚಾಗಿ ಒಳ್ಳೆಯ ಡ್ರೈವರು ಎಂಬ ಹೆಸರು. "ನಮಗ್ಯಾಕೆ ಅವರ ಮನೆ ಪಂಚಾಯ್ತಿ, ಗ್ಯಾಸ್ಕೆಟ್ ಹಾಕಿ ಕಳಿಸಿ" ಎಂದರು ಕೌಂಟರಿನವರು. ನಾನು ನಳಿನಿ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು.

"ಅಳಿಸಿದ್ದು ಯಾರು ಅಂತ ಸ್ಕ್ಯಾನರ್ ಹೇಳುತ್ತಾ?"

"ಇಲ್ಲ ಮೇಡಂ."

"ಹಾಗಾದ್ರೆ ನೀವೂ ಹೇಳ್ಬೇಡಿ. ಅದು ಎಷ್ಟು ಹೇಳುತ್ತೋ ಅಷ್ಟನ್ನೂ ಅವರಿಗೆ ಓದಿ ಹೇಳಿ. ಒಂದಕ್ಷರ ಕಮ್ಮಿ ಮಾಡ್ಬೇಡಿ. ಗಾಡಿ ಹೋದ್ರೆ ಹೋಗ್ಲಿ, ನಾನು ನೋಡ್ಕೋತೀನಿ."

ಶಿವಲಿಂಗಪ್ಪನವರನ್ನು ಗಾಡಿಯೊಳಗೆ ಕೂರಿಸಿದೆ. ಬಾಗಿಲು ಹಾಕಿದೆ, ಬೇರೆಯವರ ಕಿವಿಗೆ ಬೀಳದಿರಲಿ ಎಂದು. ಪರದೆ ತೋರಿಸಿ ಒಂದೊಂದೇ ಸಾಲು ಓದಿದೆ. ಕೋಡು ಅಳಿಸಿದ ಮೇಲಿನ ದೂರಕ್ಕೆ ಬಂದಾಗ ಅಂಕಿಯ ಮೇಲೆ ಬೆರಳಿಟ್ಟು ಎರಡು ಸಲ ಓದಿದೆ. ಅವರು ಮುಂದಿನ ಗಾಜಿನಿಂದ ಹೊರಗೆ ನೋಡುತ್ತಾ ಕೂತಿದ್ದರು.

"ಅದು ಅಂಗೆಲ್ಲ ನೆನಪಿಟ್ಕೊಂಡಿರುತ್ತಾ?"

"ಇಟ್ಕೊಂಡಿರುತ್ತೆ ಸ್ವಾಮಿ."

ಅವರ ಕಣ್ಣು ಗೇಟಿನ ಹತ್ತಿರ ನಿಂತಿದ್ದ ನಾಗರಾಜುವಿನ ಕಡೆ ಹೋಯಿತು. ಆಮೇಲೆ ಮೆಲ್ಲಗೆ ಅಂದರು: "ಮೊಬೈಲಿಗೆ ಸೇರ್ಸೋ ಇಂಥದ್ದೇ ಒಂದು ಸಣ್ಣ ಸ್ಕ್ಯಾನರ್ ತರಿಸಿದ್ದೆ ಕಣ್ರೀ. ಹಿಂದಿನ ಸಾಯಂಕಾಲ ಸಿಕ್ಕಿಸಿ ಒಂದ್ಸಲ ಒತ್ತಿದೆ, ಲೈಟ್ ಹೋಯ್ತು. ಲೈಟ್ ಹೋದ್ಮೇಲೆ ರೋಗಾನೂ ಹೋಯ್ತು ಅಂದ್ಕೊಂಡೆ."

ಅವರು ಇಳಿದು ಗೇಟಿನ ಕಡೆ ನಡೆದರು. ನಾಗರಾಜು ಅವರು ಬರುವುದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ನಾಗರಾಜು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡದ್ದು ಕಾಣಿಸಿತು. ಆಮೇಲೆ ಇಬ್ಬರೂ ರಸ್ತೆ ದಾಟಿ ಟೀ ಅಂಗಡಿಗೆ ಹೋದರು. ಯಜಮಾನರೇ ಲೋಟ ತಂದು ಅವನ ಕೈಗೆ ಕೊಟ್ಟರು. ಗಾಡಿ ಸಿದ್ಧವಾದ ದಿನ ತೆಗೆದುಕೊಂಡು ಹೋಗಲು ಬಂದವನು ನಾಗರಾಜುವೇ. "ಏನಂದ್ರಪ್ಪಾ ಆವತ್ತು?" ಎಂದು ಕೇಳಿದೆ. "'ತಪ್ಪು ನಂದು ಕಣೋ, ಸಿಟ್ಟಲ್ಲಿ ಅಂದ್ಬುಟ್ಟೆ, ಮನಸಿಗೆ ಹಾಕ್ಕೋಬೇಡ' ಅಂದ್ರು ಸಾರ್" ಎಂದು ಹೇಳಿ ಗಾಡಿಯ ಬಾನೆಟ್ಟನ್ನು ಹಸುವಿನ ಮೈ ಸವರುವ ಹಾಗೆ ಸವರಿದ. ಶಿವಲಿಂಗಪ್ಪನವರ ಗಾಡಿಗಳು ಎಲ್ಲೂ ಹೋಗಲಿಲ್ಲ.

ಹೊಸಬರೇ, ಕೋಡು ಅಳಿಸುವ ಗುಂಡಿ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ಕೊನೆಗೆ ಒತ್ತಿ. ಮೊದಲು ಓದಿ, ಆಮೇಲೆ ರಿಪೇರಿ ಮಾಡಿ, ಓಡಿಸಿ ನೋಡಿ, ಅದಾದ ಮೇಲೆ ಅಳಿಸಿ. ನಾನು ಮೈಕಿನಲ್ಲಿ ಹೇಳಬೇಕಾಗಿದ್ದು ಇದೊಂದೇ ಮಾತು.

ಈಗಿನ ಗಾಡಿಗಳು ನನ್ನ ಕಾಲವನ್ನೂ ದಾಟಿಹೋಗಿವೆ. ಮನೆಯಲ್ಲಿ ನಿಂತ ಗಾಡಿಯೇ ತನಗೆ ಏನಾಗಿದೆ ಎಂದು ಕಂಪನಿಗೆ ಸುದ್ದಿ ಕಳಿಸುತ್ತದಂತೆ. ಖಾದರ್ ಸಾಹೇಬರು ಈಗಿಲ್ಲ. ಇದ್ದಿದ್ದರೆ ಇದಕ್ಕೂ ಒಂದು ಮಾತು ಹೇಳಿ ನಗುತ್ತಿದ್ದರು. ನಾವಿದ್ದ ಹಳೆಯ ಶೆಡ್ಡಿನ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿದೆ. ನೆಲದ ಮೇಲೆ ಎಣ್ಣೆಯ ಒಂದು ಕಲೆಯೂ ಇಲ್ಲ. ಕೆಲಸ ಸುಲಭವಾಗಿದೆ, ಒಳ್ಳೆಯದೇ ಆಯಿತು. ಆದರೂ ಹತ್ತಾರು ಮಂದಿ ಒಂದೇ ಗಾಡಿಯ ಕಿಟಕಿಗಳಲ್ಲಿ ಬಗ್ಗಿ, ತಲೆಗೆ ತಲೆ ತಾಗಿಸಿಕೊಂಡು, ದೀಪ ಎಷ್ಟು ಸಲ ಮಿನುಗಿತೆಂದು ಜಗಳವಾಡುತ್ತಿದ್ದ ಆ ಸದ್ದು ನನಗೆ ಬೇಕು ಅನ್ನಿಸುತ್ತದೆ.

ನಿವೃತ್ತಿಗೆ ಸ್ವಲ್ಪ ಮುಂಚೆ ಬಂದ ಒಂದು ಗಾಡಿಯ ಬಗ್ಗೆ ಹೇಳಿ ಮುಗಿಸುತ್ತೇನೆ.

ಇಂದಿರಾ ಎನ್ನುವ ಹೈಸ್ಕೂಲ್ ಟೀಚರು. ನಮ್ಮ ಕುವೆಂಪುನಗರದವರೇ, ಸ್ಕೂಟರಿನಲ್ಲಿ ಓಡಾಡುತ್ತಿದ್ದವರು. ಅವರ ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಅವರ ಕಾರು ಅಂದಿನಿಂದ ಹೊದಿಕೆಯ ಕೆಳಗೇ ಇತ್ತು. ಮಾರಿಬಿಡಿ ಎಂದು ಎಲ್ಲರೂ ಹೇಳಿದರಂತೆ. ಇವರು ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸು ಮಾಡಿಸಿಕೊಂಡು, ಗಾಡಿಯನ್ನು ಎಳೆಸಿಕೊಂಡು ನಮ್ಮಲ್ಲಿಗೆ ತಂದಿದ್ದರು.

ಬ್ಯಾಟರಿ ಸತ್ತಿತ್ತು. ಹೊಸದು ಹಾಕಿ ಕೀ ತಿರುಗಿಸಿದರೆ ಹಳದಿ ದೀಪ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಸತ್ತರೆ ನೆನಪೂ ಅಳಿಸಿಹೋಗುತ್ತದೆ. ಈ ಗಾಡಿಯದು ಹಾಗಲ್ಲ, ಎಲ್ಲ ಹಾಗೆಯೇ ಉಳಿದಿತ್ತು. ಎರಡನೆಯ ಸಿಲಿಂಡರಿಗೆ ಕಿಡಿ ಸರಿಯಾಗಿ ಹೋಗುತ್ತಿಲ್ಲ ಎಂಬ ಕೋಡು. ಕೋಡಿನ ಕೆಳಗೆ, ದೋಷ ಕಂಡ ಗಳಿಗೆಯಲ್ಲಿ ಗಾಡಿ ಹೇಗೆ ಓಡುತ್ತಿತ್ತು ಎಂಬ ವಿವರ. ಕಂಪ್ಯೂಟರು ಆ ಕ್ಷಣವನ್ನು ಒಂದು ಚಿತ್ರದ ಹಾಗೆ ಹಿಡಿದಿಟ್ಟಿರುತ್ತದೆ.

"ಈ ಲೈಟ್ ಮೊದ್ಲೇ ಬಂದಿತ್ತಾ ಮೇಡಂ?" ಎಂದು ಕೇಳಿದೆ.

"ಬಂದಿತ್ತು" ಅಂದರು. "ಆವತ್ತು ಆಫೀಸಿಂದ ಬಂದು, ಗಾಡೀಲಿ ಯಾವುದೋ ಲೈಟ್ ಬಂದಿದೆ, ನಾಳೆ ತೋರಿಸ್ಬೇಕು ಅಂದ್ರು. ಬೆಳಗಿನ ಜಾವ ಎದೆನೋವು ಬಂತು. ಆಂಬುಲೆನ್ಸಲ್ಲಿ ಹೋದ್ವಿ."

ಹಾಗಾದರೆ ಪರದೆಯ ಮೇಲಿದ್ದದ್ದು ಅವರ ಯಜಮಾನರ ಕೊನೆಯ ಪ್ರಯಾಣ. ಅವರಿಗೆ ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಮಾಮೂಲಿ ಗಿರಾಕಿಯಾಗಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್ ಬದಲಾಯಿಸಿ, ಕೋಡು ಅಳಿಸಿ, ಕೀ ಕೊಟ್ಟು ಕಳಿಸುತ್ತಿದ್ದೆ. ಕಾಯಿಲ್ ಬದಲಾಯಿಸಿದೆ. ಒಂದು ಸುತ್ತು ಓಡಿಸಿ ನೋಡಿದೆ. ಎಂಜಿನ್ನು ಮೆತ್ತಗೆ ಓಡುತ್ತಿತ್ತು. ಅಳಿಸುವ ಮುಂಚೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.

"ಮೇಡಂ, ಲೈಟ್ ಬಂದ ಕ್ಷಣ ಗಾಡಿ ಹೇಗಿತ್ತು ಅಂತ ಇದರಲ್ಲಿ ಇದೆ. ಸಾರ್ ಆವತ್ತು ಓಡಿಸ್ತಿದ್ದಾಗಿನದು. ನಾನು ಅಳಿಸಿದ್ರೆ ಹೋಗಿಬಿಡುತ್ತೆ. ಅದಕ್ಕೆ ಕೇಳ್ದೆ."

ಅವರು ಪರದೆಯನ್ನು ನೋಡಿದರು. ಅಂಕಿಗಳ ಮೇಲೆ ಕಣ್ಣು ಓಡಾಡಿತು. "ಇದರಲ್ಲಿ ಸ್ಪೀಡು ಯಾವುದು?"

ತೋರಿಸಿದೆ. ಮೂವತ್ತೆಂಟು.

ಅವರಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. "ಮೂವತ್ತೆಂಟಾ? ಆಫೀಸಿಂದ ಬರೋ ಅಷ್ಟು ದೊಡ್ಡ ರಿಂಗ್ ರೋಡಲ್ಲಿ? ನಾನು ಸ್ಕೂಟರಲ್ಲಿ ಇವರನ್ನ ಹಿಂದೆ ಹಾಕಿ ಹೋಗ್ತಿದ್ದೆ ಸಾರ್. ಮನೆಗೆ ಬಂದು ಅದಕ್ಕೊಂದು ಜಗಳ."

"ಬೇಕಾದ್ರೆ ಇದನ್ನ ಮೊಬೈಲಲ್ಲಿ ಫೋಟೊ ತೆಗೆದು ಕೊಡ್ತೀನಿ ಮೇಡಂ."

ಅವರು ತಲೆಯಾಡಿಸಿದರು. "ಬೇಡ. ಅವರು ಹೆಂಗೆ ಓಡಿಸ್ತಿದ್ರು ಅಂತ ನಂಗೆ ಗೊತ್ತು." ಸೆರಗಿನಿಂದ ಕಣ್ಣು ಒತ್ತಿಕೊಂಡು ಕೇಳಿದರು, "ಯಾವ ಬಟನ್ನು?"

ತೋರಿಸಿದೆ. ಅವರೇ ಒತ್ತಿದರು. ಸ್ಟಿಯರಿಂಗಿನ ಹಿಂದೆ ಹಳದಿ ದೀಪ ಆರಿತು.

ಇಬ್ಬರೂ ಇಳಿದು, ಅವರು ಡ್ರೈವರ್ ಸೀಟಿಗೆ ಬಂದರು. ಸೀಟು ಅವರ ಯಜಮಾನರ ಎತ್ತರಕ್ಕೆ ಹಿಂದೆ ಇತ್ತು. ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟನ್ನು ಮುಂದೆ ಎಳೆದುಕೊಂಡ ಸದ್ದು ಕೇಳಿಸಿತು. ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಗೇಟಿನ ಹತ್ತಿರ ಗಾಡಿ ಒಂದು ಸಲ ಜರ್ಕು ಹೊಡೆದು ಆಫ್ ಆಯಿತು. ವಾಚ್‌ಮನ್ ಸಹಾಯಕ್ಕೆ ಓಡಿ ಬಂದ. ಬೇಡ ಎಂದು ಕೈ ಆಡಿಸಿ ಮತ್ತೆ ಸ್ಟಾರ್ಟ್ ಮಾಡಿದರು. ಇಂಡಿಕೇಟರ್ ಹಾಕಿ, ರಸ್ತೆ ಖಾಲಿಯಾಗುವವರೆಗೆ ಕಾದು, ನಿಧಾನಕ್ಕೆ ಎಡಕ್ಕೆ ತಿರುಗಿದರು. ಹಿಂದೆ ಬಂದ ಸಿಟಿ ಬಸ್ಸಿನವನು ಹಾರನ್ ಮೇಲೆ ಹಾರನ್ ಹೊಡೆದ. ಅವರು ಅವಸರ ಮಾಡಲಿಲ್ಲ.